ಹಿತ್ತಾಳೆಯ ಮೇಲಿನ ಹೆಸರು

ನಾನು ನೀರು ಕುಡಿಯುವ ಈ ಹಿತ್ತಾಳೆಯ ತಂಬಿಗೆಯ ಕೊರಳಿಗೆ ಚುಕ್ಕೆ ಚುಕ್ಕೆಯಾಗಿ ನಮ್ಮವ್ವನ ಹೆಸರಿದೆ. ಹತ್ತರಗಿಯ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. "ಖರೇನ ನನ್ನ ಹೆಸರ ಐತೇನೋ?" ಎಂದು ಅವ್ವ ಕೇಳುತ್ತಿದ್ದಳು, ನಾನು ಬೆರಳಿಟ್ಟು ಓದಿ ತೋರಿಸುತ್ತಿದ್ದೆ, ಅವಳು ನಂಬುತ್ತಿದ್ದಳು. ಕೂಲಿಯವರ ಮನೆಯಿಂದ ಬಿ.ಎಸ್ಸಿ.ವರೆಗೆ ನಡೆದು ಬಂದ ಹೆಮ್ಮೆ ನನಗೆ ಇನ್ನೂ ಇದೆ, ಮುಚ್ಚಿಡುವುದಿಲ್ಲ.

ಬೆಳಗಾವಿ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಗೋಕಾಕದಲ್ಲಿ ಮಾಸ್ತರನಾಗಿದ್ದ ನನಗೆ, ಘಟಪ್ರಭೆಯ ಫಾಲ್ಸಿನ ಬಂಡೆಗಳ ನಡುವಿನ ಹೊಂಡಗಳಲ್ಲಿ ಕಣ್ಣಿಗೆ ಕಾಣದ ಯಾವ ಯಾವ ಜೀವಿಗಳಿವೆ, ಬೇಸಿಗೆಯಲ್ಲಿ ನೀರು ಬತ್ತಿದಾಗ ಅವು ಎಲ್ಲಿ ಅಡಗುತ್ತವೆ ಎಂದು ತಿಳಿಯುವ ಹುಚ್ಚು ಹತ್ತಿತು. ಅದಕ್ಕೊಂದು ಸೂಕ್ಷ್ಮದರ್ಶಕ ಬೇಕಿತ್ತು. ಬೆಲ್ಲದ ವ್ಯಾಪಾರಿ ರುದ್ರಪ್ಪ ಸಾವ್ಕಾರರ ಬಳಿ ಹೋದೆ. ಡಾಕ್ಟರಿಗೂ ತಿಳಿಯದ ಜ್ವರದಲ್ಲಿ ಅವರ ಹೆಂಡತಿ ಗಂಗವ್ವ ತೀರಿಕೊಂಡು ವರ್ಷವಾಗಿತ್ತು.

"ಇದರಿಂದ ಜ್ವರ ವಾಸಿ ಆಗ್ತಾವೇನ್ರಿ, ಮಾಸ್ತರ?"

"ಹೇಳಾಕ ಬರೂದಿಲ್ರಿ. ಮೊದಲ ಏನೈತಿ ಅಂತ ನೋಡೂದು. ಔಷಧ ಹಿಂದಾಗಡೆ, ಯಾರಿಂದರೇ, ಯಾವಾಗರೇ."

"ಗುಡಿಗೆ ಗಂಟಿ ಕೊಟ್ಟೇನಿ, ಅದೇನ ವಾಸಿ ಮಾಡೇತಿ? ತರಸ್ರಿ," ಎಂದು ಸಾವ್ಕಾರರು ನಕ್ಕರು.

ಆದರೆ ನಮ್ಮ ಕಡೆ, ಕೊಟ್ಟ ವಸ್ತುವಿನ ಮೇಲೆ ಹೆಸರು ಹಾಕಿಸದಿದ್ದರೆ ಕೊಟ್ಟಂತಾಗುವುದಿಲ್ಲ. ಮುಂಬಯಿಯಿಂದ ಬಂದ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಸಾವ್ಕಾರರು ನೇರವಾಗಿ ಕಂಚುಗಾರನ ಅಂಗಡಿಗೆ ಒಯ್ದು, ಹಿತ್ತಾಳೆಯ ಕೊಳವೆಯ ಮೇಲೆ ಗಂಗವ್ವನ ಹೆಸರನ್ನು ಸುತ್ತಿಗೆಯಿಂದ ಬಡಿಸಿ, ಹೂವೇರಿಸಿ ನನ್ನ ಕೈಗಿತ್ತರು. ಮೇಲೆ ಕೆಳಗೆ ಸರಿಯಬೇಕಾದ ಕೊಳವೆ ಸುತ್ತಿಗೆಯ ಏಟಿಗೆ ತಗ್ಗಿ ಕಚ್ಚಿಕೊಂಡಿತ್ತು. ಎಷ್ಟು ತಿರುಗಿಸಿದರೂ ಒಳಗೆ ಬರೀ ಮಂಜು.

"ಏನೂ ಕಾಣವಲ್ದಲ್ರಿ," ಎಂದು ಇಣುಕುತ್ತಿದ್ದ ಸಾವ್ಕಾರರ ಹೆಬ್ಬೆರಳು ಆ ಹೆಸರನ್ನು ಸವರುತ್ತಿತ್ತು. ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಕಣ್ಣಿಗೆ ರೂಢಿ ಆಗಬೇಕ್ರಿ," ಅಂದೆ.

ಸೋಮವಾರಕ್ಕೊಮ್ಮೆ ಬಂದು ನೋಡುತ್ತಿದ್ದರು. ಒಂದು ದಿನ, "ಏನೋ ಹರದಾಡಾಕತ್ತೈತಿ. ಖರೇನ್ರಿ, ಮಾಸ್ತರ?" ಎಂದರು. ಹೌದೆಂದೆ. ಮರುವರ್ಷದ ಮಳೆಗಾಲದಲ್ಲಿ ಅಂಥದೇ ಜ್ವರ ಅವರನ್ನೂ ಒಯ್ದಿತು.

ಗೆಳೆಯರೇ, ಉಪಯೋಗ ಗೊತ್ತಿಲ್ಲವೆಂದು ಮುಖಕ್ಕೆ ಹೇಳಿದರೂ ಕೊಟ್ಟ ಮನುಷ್ಯ ಅವರು. ಕೆಟ್ಟಿದೆ ಎಂದಿದ್ದರೆ ದುರಸ್ತಿ ಮಾಡಿಸದೇ ಬಿಡುತ್ತಿರಲಿಲ್ಲ. ಎಂದಾದರೊಂದು ದಿನ ಯಾರದೋ ಔಷಧಕ್ಕೆ ದಾರಿಯಾಗಬಹುದಾಗಿದ್ದ ನೋಟ ನನ್ನ ದಾಕ್ಷಿಣ್ಯಕ್ಕೆ ಸಿಕ್ಕು ಕುರುಡಾಯಿತು. ಕಾಣದ್ದನ್ನು ಕಂಡೆನೆನ್ನಬಾರದು ಎಂಬುದೊಂದೇ ನನ್ನ ವಿದ್ಯೆಯ ಮಡಿ. ಆ ಮುದುಕರ ಕೈಯಿಂದ ನಾನು ಅದನ್ನೇ ಮುರಿಸಿದೆ.

ಈಗ ತಂಬಿಗೆ ಎತ್ತುವಾಗ ಬೆರಳು ಅವ್ವನ ಹೆಸರಿಗೆ ತಾಗಿ ನಿಲ್ಲುತ್ತದೆ. ಖರೇನ ಎಂದು ನನ್ನನ್ನು ಕೇಳಿದವರು ಇಬ್ಬರು; ಇಬ್ಬರೂ ನಂಬಿದರು. ಒಳಗಿರುವುದು ಘಟಪ್ರಭೆಯ ನೀರು. ಅದರಲ್ಲಿ ಏನೇನಿದೆಯೆಂದು ನನಗೆ ಇಂದಿಗೂ ಗೊತ್ತಿಲ್ಲ.