ವಾರ್ಸಾದಲ್ಲಿ ಒಂದು ಎಡೆ

ನಾನು ಮಲಗುವ ಮಂಚದ ಒಡೆಯ ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಚಿತ್ರಕಲೆ ಕಲಿಯಲೆಂದು ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಬಂದಿಳಿದಾಗ ಮನೆಯೊಡತಿ ಕೋಣೆಯ ಬಾಗಿಲು ತೆರೆದು ಹೇಳಿದರು: "ಇದು ನನ್ನ ಮಗನದು. ಹಡಗಿನ ಕೆಲಸಕ್ಕೆ ಹೋದವನು. ವರ್ಷಗಳೇ ಆದವು, ಸುದ್ದಿಯಿಲ್ಲ. ಅವನು ಬಂದ ದಿನ ನೀನು ಖಾಲಿ ಮಾಡಬೇಕು." ಕಪಾಟಿನಲ್ಲಿ ಅವನ ಕೋಟು ತೂಗುತ್ತಿತ್ತು. ಅದನ್ನು ಒಂದು ಬದಿಗೆ ಸರಿಸಿ ನನ್ನ ಬಟ್ಟೆ ಇಟ್ಟುಕೊಂಡೆ.

ಹೈದರಾಬಾದಿನ ತಾರ್ನಾಕದಲ್ಲಿ ನಮ್ಮ ಮನೆಗೆ ಯಾರೇ ಬಂದರೂ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದೆವು. ನಮ್ಮಲ್ಲಿ ಇದ್ದವರಿಗೇ ಜಾಗವಿಲ್ಲ. ಇಲ್ಲಿ ಇಲ್ಲದವನಿಗೆ ಒಂದು ಕೋಣೆ. ನಮ್ಮಲ್ಲಿ ಒಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಆಟೋದವನ ಜೊತೆ ಹಿಂದಿ ಎಂದು ಬಾಯಿ ತಾನೇ ಬದಲಾಯಿಸಿಕೊಳ್ಳುತ್ತಿತ್ತು. ಆ ಸೊಕ್ಕು ಪೋಲಿಷ್ ಭಾಷೆಯ ಮೊದಲ ಪಾಠಕ್ಕೇ ಇಳಿಯಿತು. ಹೆಂಗಸರನ್ನು ಇಲ್ಲಿ 'ಪಾನಿ' ಎಂದು ಕರೆಯಬೇಕು, ನಾವು 'ಅಮ್ಮಾವ್ರೇ' ಅಂದ ಹಾಗೆ. ನಮ್ಮೂರಲ್ಲಿ ಪಾನಿ ಎಂದರೆ ನೀರಿನ ಲೋಟ ತರುತ್ತಾರೆ ಎಂದು ನಾನು ಮನೆಯೊಡತಿ ಪಾನಿ ಹಲೀನಾಗೆ ಹೇಳಿದಾಗ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿದೆ.

ಊಟಕ್ಕೆ ಏನು ಮಾಡ್ತೀ ಎಂದು ಊರಿನವರೆಲ್ಲ ಕೇಳುತ್ತಾರೆ. ಇಲ್ಲಿಯ ಕರಿ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತೇನೆ. ಪಾನಿ ಹಲೀನಾಗೆ ಅದು ಅಪಚಾರ, ನನಗೆ ಪಂಚಾಮೃತ. ಅಂಗಡಿಯವಳು ನನ್ನ ತೊದಲು ಪೋಲಿಷ್‌ಗೆ ಇಂಗ್ಲಿಷಿನಲ್ಲಿ ಉತ್ತರ ಕೊಡದೆ ಪೋಲಿಷ್‌ನಲ್ಲೇ ಗದರಿದ ದಿನ ಮಾತ್ರ ಯುದ್ಧ ಗೆದ್ದ ಖುಷಿಯಾಗಿತ್ತು.

ಕಾಲೇಜಿನಲ್ಲಿ ಮರದ ಹಲಗೆ ಕೆತ್ತಿ ಕಾಗದದ ಮೇಲೆ ಅಚ್ಚು ತೆಗೆಯುವುದನ್ನು ಕಲಿಯುತ್ತಿದ್ದೇನೆ. ಚೆನ್ನಾಗಿ ಬಲ್ಲ ಮುಖವೊಂದನ್ನು ಕೆತ್ತಿ ಎಂದರು ಮೇಷ್ಟ್ರು. ಹಿಂದಿನ ವರ್ಷ ತೀರಿಕೊಂಡ ಅವ್ವನನ್ನು ಕೆತ್ತಿದೆ. ಅಚ್ಚಿನಲ್ಲಿ ಮೂಡಿದವಳು ಅವ್ವನಲ್ಲ, ಯಾರೋ ಮುನಿಸಿಕೊಂಡ ಹೆಂಗಸು. ಮುನಿಸೇಕೆಂದು ನನಗೆ ಗೊತ್ತಿತ್ತು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವಲ್ಲ, ತೀರಿದವರ ಇಷ್ಟದ್ದನ್ನೆಲ್ಲ ತಟ್ಟೆ ತುಂಬ ಬಡಿಸಿ, ಅವರದಾದ ಮೇಲೆ ನಾವು ಉಣ್ಣುತ್ತೇವಲ್ಲ, ಅವ್ವನ ಮೊದಲ ಎಡೆಯ ದಿನ ನಾನು ವಿಮಾನದಲ್ಲಿ ಕೂತಿದ್ದೆ. ಚಳಿಗಾಲದಲ್ಲಿ ಇಲ್ಲಿ ಚಹಾದ ಹೊತ್ತಿಗೇ ಕತ್ತಲು. ಕಪಾಟಿನ ಆ ಕೋಟಿನ ಹಿಂದೆ ಯಾರೋ ಹಸಿದು ನಿಂತಿದ್ದಾರೆ ಅನ್ನಿಸಿ, ದೀಪ ಹಾಕದೆ ಅದನ್ನು ತೆರೆಯುತ್ತಿರಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಇಲ್ಲಿ ಮನೆಮಂದಿಯ ದೊಡ್ಡ ಊಟ. ಅಂದು ಮಾಂಸ ಮಾಡುವುದಿಲ್ಲ. ಮೀನೊಂದು ಬಿಟ್ಟರೆ ಬೀಟ್‌ರೂಟಿನ ಸಾರು, ಅಣಬೆ ತುಂಬಿದ ಕಡುಬು, ಗಸಗಸೆಯ ಸಿಹಿ ಸುರುಳಿ ಎಲ್ಲ ನನಗೂ ಆಗುತ್ತಿತ್ತು. ಮನೆಯಲ್ಲಿದ್ದವರು ನಾವಿಬ್ಬರೇ, ಮೇಜಿನ ಮೇಲೆ ತಟ್ಟೆ ಮೂರು. ಪಾನಿ ಹಲೀನಾ ಸಾರು ತರಲು ಒಳಗೆ ಹೋದರು. ಇಲ್ಲದವರ ಮುಂದಿನ ಖಾಲಿ ತಟ್ಟೆ ನೋಡುತ್ತ ಸುಮ್ಮನಿರಲು ನನಗಾಗಲಿಲ್ಲ. ಕಡುಬು ಬಡಿಸಿದೆ. ಅವ್ವನಿಗೆ ಸಿಹಿ ಪ್ರಾಣ, ಸುರುಳಿಯ ತುಂಡು ಹೆಚ್ಚೇ ಇಟ್ಟೆ. ಕೈ ಮುಗಿದೆ.

ಹಿಂದೆ ಪಾತ್ರೆ ಕುಕ್ಕಿದ ಸದ್ದಾಯಿತು.

"ಏನು ಮಾಡ್ತಾ ಇದ್ದೀಯಾ?"

"ನಮ್ಮ ಮನೆಯಲ್ಲಿ ಹೀಗೆ ಬಡಿಸ್ತೀವಿ."

"ಯಾರಿಗೆ?"

ಸುಳ್ಳು ಹೇಳುವಷ್ಟು ಪೋಲಿಷ್ ನನಗೆ ಬರುತ್ತಿರಲಿಲ್ಲ. "ಸತ್ತವರಿಗೆ" ಎಂದೆ.

"ಈ ಮನೆಯಲ್ಲಿ ಯಾರೂ ಸತ್ತಿಲ್ಲ." ಅವರು ಮೂರನೆಯ ತಟ್ಟೆಯತ್ತ ಕೈ ತೋರಿದರು. "ಅದು ಬರುವವರಿಗೆ ಇಟ್ಟ ತಟ್ಟೆ. ಬಂದ ಮೇಲೆ ಬಡಿಸೋದು."

ಆಗ ತಿಳಿಯಿತು ನಾನೇನು ಮಾಡಿದೆನೆಂದು. ತಾಯಿ ದಾರಿ ಕಾಯುತ್ತಿರುವ ಮಗನ ತಟ್ಟೆಗೆ ಎಡೆ ಇಟ್ಟುಬಿಟ್ಟಿದ್ದೆ. "ನನ್ನ ಅವ್ವನಿಗೆ, ನಿಮ್ಮ ಮಗನಿಗಲ್ಲ" ಎಂದು ತೊದಲುತ್ತ ಅತ್ತೆ. ಅವರು ತಟ್ಟೆ ಎತ್ತಿಕೊಂಡು ಒಳಗೆ ನಡೆದರು. ನಲ್ಲಿಯ ಸದ್ದು ಕೇಳಿತು. ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ.

ಪಾನಿ ಹಲೀನಾ ಹೊರಗೆ ಬಂದರು. ಮಗನ ತಟ್ಟೆಯನ್ನು ತೊಳೆದು ಒರೆಸಿದ್ದರು. ಅದನ್ನು ಇದ್ದಲ್ಲೇ ಖಾಲಿ ಇಟ್ಟರು. ಇನ್ನೊಂದು ಕೈಯಲ್ಲಿ ಬೇರೆ ತಟ್ಟೆ, ಅದರಲ್ಲಿ ನಾನು ಬಡಿಸಿದ್ದ ಕಡುಬು, ಸಿಹಿ, ಎಲ್ಲವೂ ಹಾಗೇ. ಗೋಡೆಯ ಬದಿಯ ಕುರ್ಚಿ ಎಳೆದು ಕೇಳಿದರು:

"ನಿನ್ನ ತಾಯಿ ಎಲ್ಲಿ ಕೂರ್ತಾರೆ?"

ನನ್ನ ಪಕ್ಕಕ್ಕೆ ತೋರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನಾವಿಬ್ಬರೂ ಉಂಡೆವು.

ಮರುದಿನ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಪ್ಪ ಕೇಳಿದ:

"ಅಮಾಸಿಗೆ ನಾವೂ ಇಲ್ಲೆ ಎಡಿ ಇಟ್ಟಿದ್ವಿ ಮಗಳ. ಇದ ಊರಾಗಿನ ಮಿಯಾಪುರಕ್ಕ ಹೋಗೂದಂದ್ರನ ಭಾಳ ದೂರ ಅಂತಿದ್ಲು ನಿಮ್ಮವ್ವ. ಈಗ ನಾ ಇಲ್ಲಿಂದ ಕರೀತೀನಿ, ನೀ ಅಲ್ಲಿಂದ ಕರೀತಿ. ಆಕಿ ಎಲ್ಲೆ ಅಂತ ಇರಬೇಕು?"

"ಅವ್ವನ ಮಾತು ಒತ್ತಟ್ಟಿಗಿರಲಿ ಅಪ್ಪಾ," ಎಂದೆ. "ನಾ ಎಲ್ಲೆ ಅದೀನಿ ಅನ್ನೂದ ನನಗ ಗೊತ್ತಾಗವಲ್ತು."