ದೊಡ್ಡಮ್ಮ ಕಾಯ್ದ ಹಳೆಯ ಪುಟ

ಹೋದ ವಾರ ಅಟ್ಟದಿಂದ ಕಾಯಿ ಇಳಿಸಿದೆವು. ಸುಲಿಯುವಾಗ ಎದ್ದ ಧೂಳಿನ ಜೊತೆ ಕೊಬ್ಬರಿಯ ಎಣ್ಣೆವಾಸನೆ ಮನೆಯೆಲ್ಲ ತುಂಬಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಇಳಿಸಿದ ಮೊದಲ ಕಾಯಿ ಅದು. ಆ ವಾಸನೆಗೆ ನನಗೆ ನೆನಪಾದದ್ದು ಮಾತ್ರ ತಿಪಟೂರಿನ ಒಂದು ಸೈಬರ್ ಸೆಂಟರ್...

ನಮ್ಮ ಕಡೆ ಕಾಯನ್ನು ವರ್ಷದ ಹತ್ತಿರ ಅಟ್ಟದಲ್ಲೇ ಬಿಡುತ್ತಾರೆ. ಒಳಗೆ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟಿತೇ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಆಯಿತು. ದೊಡ್ಡಪ್ಪ ಬದುಕೆಲ್ಲ ಅದನ್ನು ಮಾಡಿದವರು. ಮರೆವು ಹಿಡಿದ ಮೇಲೆ ಕೈಗೆ ಸಿಕ್ಕ ನಿಂಬೆಹಣ್ಣು, ಈರುಳ್ಳಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. “ಅದಿನ್ನೂ ಒಣಗಿಲ್ಲ ಬುಡಿ” ಎಂದು ದೊಡ್ಡಮ್ಮ ಕಿತ್ತುಕೊಂಡು ಸಾರಿಗೆ ಹಾಕುತ್ತಿದ್ದಳು.

ಕಾಶಿಯಾತ್ರೆಯಿಂದ ಬರುವಾಗ ಉತ್ತರದ ಯಾವುದೋ ಸ್ಟೇಷನ್ನಿನಲ್ಲಿ ದೊಡ್ಡಪ್ಪ ಇಳಿದುಬಿಟ್ಟರು. ದೊಡ್ಡಮ್ಮನಿಗೆ ಜೊಂಪು ಹತ್ತಿತ್ತು. ರೈಲು ಹೊರಟಿತ್ತು... ಪೊಲೀಸು, ಪೇಪರು, ಶಾಸ್ತ್ರ ಕೇಳಿದ್ದು ಎಲ್ಲ ಆಯಿತು. ಎರಡು ಕಾಯಿಕೊಯ್ಲು ಕಳೆದ ಮೇಲೆ ಚಿಕ್ಕಪ್ಪನ ಮಗಳಿಗೆ ಗಂಡು ಗೊತ್ತಾಯಿತು. ಅಣ್ಣನ ವಿಷಯ ಹೀಗೆ ಅತಂತ್ರ ಇರುವಾಗ ಚಪ್ಪರ ಹಾಕುವುದು ಹೇಗೆಂದು ಚಿಕ್ಕಪ್ಪ ಕರ್ಮಕ್ಕೆ ಸೋಮವಾರ ಗೊತ್ತುಮಾಡಿದ. ಅವತ್ತೇ ದೊಡ್ಡಮ್ಮನ ಕುಂಕುಮ ಅಳಿಸಬೇಕು.

“ಸತ್ತಿದ್ದು ನೀನು ನೋಡ್ದೇನೋ?” ಎಂದಳು ದೊಡ್ಡಮ್ಮ.

“ಬದುಕಿರೋದು ನೀನು ನೋಡ್ದಾ ಅತ್ಗೆ?” ಎಂದ ಚಿಕ್ಕಪ್ಪ.

ಆ ವಾರವೇ ಉತ್ತರಕ್ಕೆ ಕೊಬ್ಬರಿ ಲೋಡು ಹೊಡೆಯುತ್ತಿದ್ದ ಕಂದಿಕೆರೆಯ ಲಾರಿ ಡ್ರೈವರ್ ಒಂದು ಸುದ್ದಿ ತಂದ. ಅಲ್ಲೊಂದು ಆಶ್ರಮದಲ್ಲಿ ದಾರಿ ತಪ್ಪಿದವರನ್ನು ಇಟ್ಟುಕೊಳ್ಳುತ್ತಾರೆ, ಅವರ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಭಾಷೆ ಯಾರಿಗೂ ತಿಳಿಯದ ಮುದುಕರೊಬ್ಬರು ಅದರಲ್ಲಿದ್ದರಂತೆ. ಶನಿವಾರ ಬೆಳಿಗ್ಗೆ ಅವನು ಕೊಟ್ಟ ಇಂಟರ್ನೆಟ್ ಪುಟದ ವಿಳಾಸ ಹಿಡಿದು ನಾನೂ ದೊಡ್ಡಮ್ಮನೂ ತಿಪಟೂರಿನ ಬಸ್ಸು ಹತ್ತಿದೆವು.

ಸೈಬರ್ ಸೆಂಟರಿನ ಹುಡುಗ ವಿಳಾಸ ಒತ್ತಿದ. ಆ ಪುಟ ಇಲ್ಲವೆಂದು ಬಂತು. ಮತ್ತೆ ಒತ್ತಿದ. ಇಲ್ಲ. ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕುಳಿತು ನನ್ನ ಮುಖ ನೋಡುತ್ತಿದ್ದಳು.

“ತೆಗೆದಾಕವ್ರೆ ಅಣ್ಣ” ಎಂದ ಹುಡುಗ. “ತಾಳಿ, ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಹಾಕ್ತೀನಿ. ಇಂಥ ಪುಟಗಳ್ನ ಆಗಾಗ ಎತ್ತಿಡೋರು ಇರ್ತಾರೆ. ಇವ್ರು ಕಿತ್ತಾಕಿದ್ರೂ ಅವ್ರತ್ರ ಹಳೇದು ಸಿಗ್ತದೆ.”

“ಅಟ್ಟದ ಮೇಲೆ ಹಾಕವ್ರೆ ಅನ್ನು” ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಯುಪಿಎಸ್ ಕೂಗತೊಡಗಿತು. ಅದು ಎಷ್ಟು ಹೊತ್ತು ಎಳೆಯುತ್ತದೋ ಹುಡುಗನಿಗೇ ಗೊತ್ತಿರಲಿಲ್ಲ. ಬ್ರೌಸರಿನ ಮೂಲೆಯಲ್ಲಿ ಹೊಸದಾಗಿ ಮೂಡಿದ ಗುಂಡಿಯನ್ನು ಒತ್ತಿದ. ಪುಟ ಮೇಲಿನಿಂದ ಒಂದೊಂದೇ ಸಾಲು ಇಳಿಯಿತು... ಫೋಟೋಗಳು ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಎತ್ತಿಟ್ಟವರಿಗೆ ಅಕ್ಷರ ಮಾತ್ರ ಸಿಕ್ಕಿದ್ದವು.

ನನಗೆ ಬರುವ ಇಂಗ್ಲಿಷಿನಲ್ಲಿ ಒಂದೊಂದಾಗಿ ಓದಿ ಹೇಳುತ್ತಾ ಹೋದೆ. ಕುಂಟುವ ಹೆಂಗಸು. ಮಾತು ಬಾರದ ಹುಡುಗಿ. ಆಮೇಲೆ, ಸುಮಾರು ಎಪ್ಪತ್ತರ ಮುದುಕರು, ದಕ್ಷಿಣದವರಿರಬಹುದು, ಹಣ್ಣು ಕೊಟ್ಟರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಯಾಕೆಂದು ತಿಳಿದಿಲ್ಲ.

ದೊಡ್ಡಮ್ಮ ನನ್ನ ತೋಳು ಹಿಡಿದಳು. “ಅವರೇ ಕಣಪ್ಪ. ಏಳು, ರೈಲಿಗೆ ಟಿಕೇಟು ಮಾಡ್ಸು.”

“ಅಮ್ಮ, ಇದು ಹಳೇ ಪುಟ” ಎಂದ ಹುಡುಗ ಮೆಲ್ಲಗೆ. ಪುಟದ ಕೊನೆಯಲ್ಲಿದ್ದ ನಂಬರನ್ನು ತನ್ನ ಮೊಬೈಲಿನಲ್ಲಿ ಒತ್ತಿದ. ಅವನಿಗೆ ಹಿಂದಿ ಬರುತ್ತಿತ್ತು. ಬಹಳ ಹೊತ್ತು ರಿಂಗಾಯಿತು. ಮಾತು ಶುರುವಾದ ಮೇಲೆ ಅವನು ಗೋಡೆಯ ಕಡೆ ತಿರುಗಿಕೊಂಡ. ನನಗೆ ಆಗಲೇ ಗೊತ್ತಾಯಿತು...

ಜ್ವರ ಬಂದು ಹೋಗಿದ್ದರು. ಚಳಿಗಾಲದಲ್ಲಿ. ಮಣ್ಣೂ ಆಶ್ರಮದವರೇ ಮಾಡಿದ್ದರು. ಆಮೇಲೆ ಪುಟ ತೆಗೆದುಹಾಕಿದ್ದರು. ದೊಡ್ಡಪ್ಪ ಹೋದ ದಿನವನ್ನು ಹುಡುಗ ಕೇಳಿ ಹೇಳಿದ.

ದೊಡ್ಡಮ್ಮ ಅಳಲಿಲ್ಲ. “ಊಟಕ್ಕೇನು ಇಕ್ತಿದ್ರು, ಕೇಳಪ್ಪ” ಎಂದಳು.

ಹುಡುಗ ಕೇಳಿದ. “ರೊಟ್ಟಿ ಅಂತೆ ಅಮ್ಮ, ಗೋದಿದು. ಮೊದ್ಲು ಬ್ಯಾಡ ಅಂತಿದ್ರಂತೆ. ಆಮೇಲೆ ಬೆಲ್ಲ ಕೇಳಿ ಈಸ್ಕೊಂಡು ತಿಂತಿದ್ರಂತೆ.”

ಹೊರಗೆ ಬಂದು ಪಕ್ಕದ ಹೋಟೆಲಿನ ಕೈತೊಳೆಯುವ ನಲ್ಲಿಯ ಹತ್ತಿರ ನಿಂತಳು. ನೀರು ತೆಗೆದುಕೊಂಡು ಹಣೆ ತೊಳೆದಳು, ಸೆರಗಿನಿಂದ ಒರೆಸಿಕೊಂಡಳು. ಊರಿನ ಹೆಂಗಸರು ಸೇರಿ ಮಾಡುವ ಕೆಲಸವನ್ನು ಅವರ ಕೈಗೆ ಕೊಡಲಿಲ್ಲ. ಮನೆಯ ಬಾಗಿಲಲ್ಲಿ ಚಿಕ್ಕಪ್ಪ ಆ ಹಣೆಯನ್ನು ಕಂಡವನು ಪಕ್ಕಕ್ಕೆ ಸರಿದ.

“ಸೋಮವಾರ ಮಾಡು” ಎಂದಳು. “ವರ್ಷವರ್ಷದ ತಿಥಿ ಮಾತ್ರ ಅವ್ರು ಹೋದ ದಿನದ್ದೇ ಆಗ್ಬೇಕು. ನೀನು ಗೊತ್ತುಮಾಡಿದ್ದಲ್ಲ.”

ಅಲ್ಲಿಂದ ಪ್ರತಿ ವರ್ಷ ಚಳಿಗಾಲದ ಆ ದಿನ ದೊಡ್ಡಪ್ಪನ ಎಡೆಗೆ ಒಂದು ಚಪಾತಿ, ಬೆಲ್ಲದ ಚೂರು ಬೀಳುತ್ತಿತ್ತು. ಮನೆಗೆ ಬಂದ ಸೊಸೆಯಂದಿರು ನಗುತ್ತಿದ್ದರು. ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಗೆ ಅವಳಿಗೂ ಎಡೆ ಇಡಬೇಕಾಯಿತು. ಅವಳಿಗೆ ಇಷ್ಟವಾದದ್ದು ಏನೆಂದು ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಯಾರಿಗೂ ಗೊತ್ತಿರಲಿಲ್ಲ.