ತಂಗಿಯ ಬದಲು ನಾನು ಕೊಟ್ಟ ಉತ್ತರ

ನನ್ನ ತಂಗಿ ಹುಬ್ಬಳ್ಳಿಯಲ್ಲಿ ಒಂದು ಆಫೀಸು ನಡೆಸುತ್ತಾಳೆ. ಅದರ ಮುಖ್ಯ ಕಚೇರಿ ಇಲ್ಲಿ ಅಮೆರಿಕದ ಪ್ಲೆಸೆಂಟನ್ನಿನಲ್ಲಿದೆ, ಸ್ಯಾನ್ ರಮೋನಿನ ನನ್ನ ಮನೆಗೆ ಹತ್ತಿರ. ಭಾರತದಲ್ಲಿ ಬೆಂಗಳೂರಿನಲ್ಲಷ್ಟೇ ಇದ್ದ ಆ ಕಂಪನಿ ನಮ್ಮೂರು ಹುಬ್ಬಳ್ಳಿಗೂ ಬಂದಾಗ ಮೊದಲು ಸೇರಿದವರಲ್ಲಿ ಅವಳೂ ಒಬ್ಬಳು. ಈಗ ಅಲ್ಲಿನವರಿಗೆಲ್ಲ ಅವಳೇ ಹಿರಿಯಳು. ಹಾಗೆಂದು ಹೇಳುವಾಗ ನನ್ನ ದನಿ ತಾನೇ ಏರುತ್ತದೆ. ಆದರೆ ಅದೇ ಆಫೀಸು ಮುಚ್ಚುವ ಮಾತಿಗೆ ನಾನೂ ದನಿಗೂಡಿಸಿದ್ದೆ.

ನಾನು ಕಲಿತದ್ದು ಏಳನೇ ಇಯತ್ತೆಯವರೆಗೆ. ಇಲ್ಲಿ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ತವರಿನಲ್ಲಿ ತಂಗಿಯನ್ನು ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ನಾನು. ಯಾರದಾದರೂ ಮನೆಯಲ್ಲಿ ಊಟಕ್ಕೆ ಕೂತಾಗ, "ಇನ್ನೊಂದು ಹೋಳಿಗಿ ಹಾಕಲೇನವಾ?" ಎಂದು ಅವಳನ್ನು ಕೇಳಿದರೆ, "ಅಕಿಗೆ ಸಾಕ್ರಿ" ಎಂದು ನಾನೇ ಹೇಳಿಬಿಡುತ್ತಿದ್ದೆ. ಅವಳು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ರೊಟ್ಟಿ ಒಯ್ಯಲು ಬರುವವರಲ್ಲಿ ಅವಳ ಕಂಪನಿಯ ಇಲ್ಲಿನ ಮ್ಯಾನೇಜರು ಒಬ್ಬರು, ಮೂಲತಃ ಬೆಂಗಳೂರಿನವರು. ಒಂದು ಸಂಜೆ ಬಾಗಿಲಲ್ಲೇ ನಿಂತು ಕೇಳಿದರು:

"ಅಕ್ಕಾ, ಹುಬ್ಬಳ್ಳಿ ಆಫೀಸನ್ನ ಬೆಂಗಳೂರಿಗೆ ಸೇರಿಸ್ಬಿಡೋಣ ಅಂತ ಮಾತು ನಡೀತಿದೆ. ನಿಮ್ ತಂಗಿ ಟೀಮು ಶಿಫ್ಟ್ ಆಗ್ತಾರಾ?"

"ಯಾಕ ಆಗಂಗಿಲ್ರಿ? ಕುಣಕೋಂತ ಹೋಗ್ತಾರ. ಹುಬ್ಬಳ್ಳಿಯೊಳಗ ಏನೈತ್ರಿ?"

ಅಷ್ಟು ದೊಡ್ಡ ಮನುಷ್ಯರು ನನ್ನ ಅಭಿಪ್ರಾಯ ಕೇಳಿದ್ದರು. ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ತಂಗಿಗೆ ಫೋನು ಮಾಡಿ ಕೇಳುತ್ತೇನೆ ಎನ್ನಬಹುದಿತ್ತು, ಅದೂ ಹೊಳೆಯಲಿಲ್ಲ.

ಕೆಲವು ವಾರಗಳ ಮೇಲೆ ಅದೇ ವಿಷಯದ ಮೀಟಿಂಗಿಗೆ ತಂಗಿ ಬಂದಳು. ನಮ್ಮ ಮನೆಯಲ್ಲೇ ಇಳಿದುಕೊಂಡಳು. ಮೊದಲ ದಿನ ಮೀಟಿಂಗು ಮುಗಿಸಿ ಬಂದವಳೇ ಶೂ ಕೂಡ ಬಿಚ್ಚದೆ ಅಡುಗೆಮನೆಗೆ ಬಂದು ನಿಂತಳು.

"ಅಕ್ಕಾ, ನಾ ಕುಣಕೋಂತ ಬೆಂಗಳೂರಿಗೆ ಹೊಂಟೇನಂತ?"

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮೀಟಿಂಗಿನಲ್ಲಿ ಮ್ಯಾನೇಜರು, "ನಿಮ್ಮ ಅಕ್ಕನೇ ಹೇಳಿದಾರಲ್ಲ" ಎಂದಿದ್ದರಂತೆ.

"ನನ್ನ ಟೀಮಿನಾಗ ಒಬ್ಬಾಕಿ ಧಾರವಾಡದಿಂದ ದಿನಾ ಬಸ್ಸಿಗೆ ಬರ್ತಾಳ, ಕೂಸನ್ನ ಅತ್ತಿ ಹತ್ರ ಬಿಟ್ಟು. ಬೆಂಗಳೂರಿಗೆ ಹೋಗಾಕ ಆಗದವರೇ ನನ್ನ ಕಡೆ ಸೇರ್ಯಾರ. ಆಫೀಸು ಹೋದ್ರ ಅವರ ಕೆಲಸಾನೂ ಹೋಗ್ತದ."

"ಮತ್ತ ನೀ ಏನಂದಿ?"

"ನಮ್ಮಕ್ಕಗ ರೊಟ್ಟಿ ಗೊತ್ತು, ನನ್ನ ಆಫೀಸು ಗೊತ್ತಿಲ್ಲ ಅಂದೆ. ಆಫೀಸು ಇರ್ತದೋ ಇಲ್ಲೋ ನಾಳೆ ಹೇಳ್ತಾರಂತ."

ಮರುದಿನ ಸಂಜೆ ಮ್ಯಾನೇಜರೇ ಅವಳನ್ನು ಕಾರಿನಲ್ಲಿ ತಂದು ಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಅವತ್ತು ಹೇಳಿದ್ದು ನನ್ನ ಮಾತು ರೀ, ಅಕಿದಲ್ಲ. ಅಕಿನ್ನ ನಾ ಕೇಳೇ ಇರಲಿಲ್ಲ. ಊರು ಬಿಟ್ಟು ಭಾಳ ವರ್ಷ ಆತು, ಅಲ್ಲಿ ಏನೈತಿ ಅಂತ ನನಗ ಗೊತ್ತಿಲ್ಲ" ಎಂದೆ.

"ನಮಗೂ ಗೊತ್ತಿರ್ಲಿಲ್ಲ ಬಿಡಿ ಅಕ್ಕಾ," ಎಂದರು ಅವರು. "ಬೆಂಗಳೂರಲ್ಲಿ ನಾವು ಒಬ್ಬರಿಗೆ ಕೆಲಸ ಕಲಿಸೋ ಹೊತ್ತಿಗೆ ಅವರು ಬೇರೆ ಕಂಪನಿಗೆ ಹೋಗಿರ್ತಾರೆ. ಇವರ ಕಡೆ ಸೇರಿದವರು ಯಾರೂ ಬಿಟ್ಟಿಲ್ಲ. ಎಲ್ಲರ ಎದುರಿಗೆ ಇವರು ಇದನ್ನೇ ಹೇಳಿ ನಮ್ಮ ಬಾಯಿ ಮುಚ್ಚಿಸಿಬಿಟ್ರು. ಆಫೀಸು ಅಲ್ಲೇ ಇರುತ್ತೆ."

ತಂಗಿ ಏನೂ ಆಗಿಲ್ಲವೆಂಬಂತೆ ಶೂ ಬಿಚ್ಚುತ್ತಿದ್ದಳು. ನನಗೆ ಬೀದಿಯವರನ್ನೆಲ್ಲ ಕರೆದು ಹೇಳಬೇಕೆನಿಸಿತು.

ಮ್ಯಾನೇಜರು ರೊಟ್ಟಿಯ ಕಟ್ಟು ತೆಗೆದುಕೊಳ್ಳುತ್ತ, "ಹುಬ್ಬಳ್ಳಿಗೆ ಇನ್ನೂ ಜನ ತಗೊಂಡ್ರೆ ನಿಮ್ ತಂಗಿ ನಿಭಾಯಿಸ್ತಾರಲ್ವಾ ಅಕ್ಕಾ?" ಎಂದು ನನ್ನನ್ನೇ ಕೇಳಿದರು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. "ಅಕಿನ್ನ ಕೇಳ್ರಿ," ಎಂದೆ.

ಆ ದಿನ ಹೋಳಿಗೆ ಮಾಡಿದ್ದೆ. ತಂಗಿ ಊಟಕ್ಕೆ ಕೂತಾಗ, ಇನ್ನೊಂದು ಹಾಕಲೇ ಎಂದು ಕೇಳಿ, ಅವಳ ಬಾಯೊಳಗಿನ ತುತ್ತು ಇಳಿಯುವವರೆಗೆ ಕಾದು ನಿಂತೆ.

"ಎರಡು ಹಾಕು," ಎಂದಳು.